ಕಿವಿಯ ಬಿಲ್ಲೆ ನೋಡಿ ಊಟ ಬಡಿಸುವ ಯಂತ್ರದವರಿಗೆ ಒಂದು ದೂರು

ಹಂದಿದೊಡ್ಡಿಯ ನಟ್ಟನಡುವೆ ಉಕ್ಕಿನ ಮೈಯಲ್ಲಿ ವಿರಾಜಮಾನರಾಗಿರುವ ಮಾನ್ಯ ಊಟದ ಯಂತ್ರ ಮಹೋದಯರೇ,

ತಮಗೆ ವಿದ್ಯುತ್ತು ಅಡಚಣೆಯಿಲ್ಲದೆ ಹರಿಯುತ್ತಿದೆಯೆಂದೂ, ಬಾಗಿಲಿನ ಕೀಲುಗಳಿಗೆ ಸಕಾಲಕ್ಕೆ ಎಣ್ಣೆ ಸಿಗುತ್ತಿದೆಯೆಂದೂ ನಂಬಿದ್ದೇನೆ. ಎಣ್ಣೆ ಬಿಡುವವಳು ನಾನೇ ಆದ್ದರಿಂದ ನಂಬಿಕೆಗೆ ಆಧಾರವೂ ಇದೆ. ತಾವು ದಯಮಾಡಿಸುವ ಮೊದಲು ಇಲ್ಲಿನ ಗಬ್ಬದ ಹಂದಿಗಳಿಗೆ ಬಕೆಟ್ ಹಿಡಿದು ಊಟ ಹಾಕುತ್ತಿದ್ದವಳೂ ನಾನೇ. ದೊಡ್ಡಿಯ ಯಜಮಾನ ನನ್ನ ಒಡಹುಟ್ಟಿದ ಅಣ್ಣ.

ತಿರುಗಲೂ ಜಾಗವಿಲ್ಲದ ಕಬ್ಬಿಣದ ಗೂಡುಗಳಲ್ಲಿ ಒಂಟಿಯಾಗಿ ನಿಂತಿರುತ್ತಿದ್ದ ಹಂದಿಗಳು ತಮ್ಮ ಕೃಪೆಯಿಂದ ಒಂದೇ ಅಂಗಳದಲ್ಲಿ, ಒಣಹುಲ್ಲಿನ ಮೇಲೆ ಮೈಚಾಚುವಂತಾಯಿತು. ಇದೊಂದನ್ನು ಕುಹಕವಿಲ್ಲದೆ ಹೇಳುತ್ತಿದ್ದೇನೆ, ಬರೆದಿಟ್ಟುಕೊಳ್ಳಿ. ಒಬ್ಬೊಬ್ಬಳೇ ತಮ್ಮ ಓಣಿಯೊಳಗೆ ಬರಬೇಕು, ಹಿಂದೆ ಬಾಗಿಲು ಮುಚ್ಚಬೇಕು, ಅವಳ ಕಿವಿಯ ಬಿಲ್ಲೆಯನ್ನು ತಾವು ಓದಿ ಅವಳ ಪಾಲನ್ನಷ್ಟೇ ಬಾನಿಗೆ ಸುರಿಯಬೇಕು. ಎಂಥ ಶಿಸ್ತು! ನಮ್ಮ ಮನೆಯ ಊಟದ ಮೇಜಿನಲ್ಲೂ ಇದನ್ನು ಕಂಡಿಲ್ಲ.

ಆದರೆ ಮೌನಿ ಎಂದು ನಾವು ಕರೆಯುವ, ಚೊಚ್ಚಲ ಗಬ್ಬದ ಸಾಧು ಹಂದಿಯ ಬಿಲ್ಲೆ ಅದು ಹೇಗೋ ಕಿವಿಯಿಂದ ಕಳಚಿ ಬಿತ್ತು. ಅವಳು ಓಣಿಗೆ ಬಂದು, ಖಾಲಿ ಬಾನಿ ನೆಕ್ಕಿ, ತಲೆ ತಗ್ಗಿಸಿ ಹೊರಟುಹೋಗುತ್ತಿದ್ದಳು. ಬಿಲ್ಲೆಯಿಲ್ಲದ ಹಸಿವನ್ನು ಹಸಿವೆಂದು ಒಪ್ಪದ ತಮ್ಮ ನಿಯಮನಿಷ್ಠೆಗೆ ಯಾವ ಸರ್ಕಾರಿ ಕಚೇರಿಯಾದರೂ ಕೈಮುಗಿಯಬೇಕು. ಇತ್ತ ಮಹಾರಾಣಿ ಎಂಬ ಹಿರಿಯ ಹಂದಿ ತನ್ನ ಪಾಲು ಮುಗಿಸಿದ ಮೇಲೆ ಆ ಬಿಲ್ಲೆಯನ್ನು ಹುಲ್ಲಿನಿಂದ ಹೆಕ್ಕಿ, ಹಲ್ಲಲ್ಲಿ ಕಚ್ಚಿಕೊಂಡು ಬಂದು ತಮ್ಮ ಮುಂದೆ ಹಿಡಿದಳು. ತಾವು ಸಂತೋಷದಿಂದ ಮೌನಿಯ ಪಾಲನ್ನು ಆ ಮಹಾತಾಯಿಗೆ ಬಡಿಸಿದಿರಿ. ಅಣ್ಣನ ಕೋಣೆಯಲ್ಲಿರುವ ತಮ್ಮ ಪರದೆಯ ಮೇಲೆ ಮೌನಿಯ ಹೆಸರಿನ ಮುಂದೆ, ಉಂಡಾಯಿತೆಂದು ಸಾರುವ ಹಸಿರು ದೀಪ!

ಬಿಲ್ಲೆಯ ಈ ಕಥೆ ಆಗ ನಮಗೆ ತಿಳಿಯದು; ಮೌನಿಯ ಪಕ್ಕೆಲುಬು ಮಾತ್ರ ಎದ್ದು ಕಾಣತೊಡಗಿತು. ನಾನು ಹೇಳಿದೆ, ಅತ್ತಿಗೆ ಹೇಳಿದರು. ಅಣ್ಣ ಪರದೆಯಿಂದ ಕಣ್ಣು ಕೀಳದೆ, "ದಿನಾ ತಿಂತಾ ಇದಾಳೆ ಕಣೇ, ಇಲ್ಲೇ ಇದೆಯಲ್ಲ! ಮೆಷಿನ್ನಿಗೆ ಅವಳ ಮೇಲೇನು ಹಗೆ?" ಅಂದ. ತಮ್ಮ ಕಂಪನಿಯವರೂ ಫೋನಿನಲ್ಲಿ ಅದನ್ನೇ ಇನ್ನಷ್ಟು ನಯವಾಗಿ ಅಂದರು.

ಕೊನೆಗೊಂದು ಬೆಳಿಗ್ಗೆ ಮಹಾರಾಣಿ ಆ ಬಿಲ್ಲೆ ಕಚ್ಚಿಕೊಂಡು ಸರದಿಗೆ ನಿಂತದ್ದು ನನ್ನ ಕಣ್ಣಿಗೆ ಬಿತ್ತು. ಕುಂಬಳಕಾಯಿಯ ಹೋಳೊಂದನ್ನು ಲಂಚ ಕೊಟ್ಟು ಬಿಲ್ಲೆ ಬಿಡಿಸಿಕೊಂಡೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಮಂಡಿಯೂರಿ ತಮ್ಮ ಓಣಿಯೊಳಗೆ ನಾನೇ ತೆವಳಿದೆ. ಹಿಂದೆ ಬಾಗಿಲು ಮುಚ್ಚಿತು. ಬಿಲ್ಲೆ ಮುಂದೆ ಹಿಡಿದೆ. ತಾವು ಕ್ಷಣವೂ ಯೋಚಿಸದೆ ನನ್ನ ನೆತ್ತಿಯ ಮೇಲೆ ಊಟ ಸುರಿದಿರಿ. ಕೋಣೆಯಿಂದ ಅಣ್ಣನ ಗೆಲುವಿನ ಕೂಗು ಕೇಳಿಸಿತು: "ನೋಡು ಬಾರೇ, ಮೌನಿ ಈಗ ತಾನೇ ಊಟಕ್ಕೆ ಕೂತಿದಾಳೆ!"

"ಅಣ್ಣಾ, ಕೂತಿರೋಳು ನಾನು!" ಎಂದು ಒಳಗಿನಿಂದಲೇ ಅರಚಿದೆ.

ಅವನು ಓಡಿ ಬಂದು ನೋಡಿದ. ನಗುತ್ತಾನೆ ಅಂದುಕೊಂಡಿದ್ದೆ; ನಗಲಿಲ್ಲ. ನನ್ನನ್ನು ಎಬ್ಬಿಸುವುದನ್ನೂ ಮರೆತು ಮೂಲೆಯಲ್ಲಿ ಮಲಗಿದ್ದ ಮೌನಿಯ ಬಳಿ ಕುಳಿತು, ಅವಳ ಬೆನ್ನುಮೂಳೆಯ ಮೇಲೆ ಕೈಯಾಡಿಸಿದ. ಅಂದಿನಿಂದ ಅವಳಿಗೆ ಅವನದೇ ಕೈತುತ್ತು. ಅವಳು ಹಾಕಿದ ಮರಿಗಳಲ್ಲಿ ಕೆಲವು ಉಸಿರಾಡಲಿಲ್ಲ. ಉಳಿದವು ಸಣಕಲಾದರೂ ಮೊಲೆ ಹಿಡಿದವು.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹ: ವಾರಕ್ಕೊಮ್ಮೆಯಾದರೂ ನೆಲದಿಂದ ಎದ್ದು ಬಂದು ಹಂದಿಗಳ ಮೈದಡವಿ ನೋಡಬೇಕು, ಸತ್ತ ಮರಿಗಳ ಹೆಸರಿನ ಮುಂದೆಯೂ ಯಾವುದಾದರೊಂದು ಬಣ್ಣದ ದೀಪ ಹಚ್ಚಬೇಕು, ಸಾಧ್ಯವಾದರೆ, ಒಮ್ಮೆ ನಾಚಬೇಕು. ಇವು ತಮ್ಮಿಂದಾಗದಿದ್ದರೆ ಚಿಂತೆಯಿಲ್ಲ. ಅಣ್ಣ ಈಗ ಪರದೆ ಹಚ್ಚುವ ಮೊದಲು ಅಂಗಳ ಸುತ್ತಿ ಬರುತ್ತಾನೆ.

ಇಂತಿ ತಮ್ಮ ವಿಶ್ವಾಸಿ,
ತಾವು ಹಂದಿಯೆಂದು ನಂಬಿ ಊಟ ಬಡಿಸಿದ ಹೆಂಗಸು

ಮರೆತ ಮಾತು: ಹಂದಿಯ ಮುಖ ನೋಡಿಯೇ ಗುರುತಿಸುವ ಹೊಸ ಮಾದರಿ ಬಂದಿದೆಯೆಂದು ತಮ್ಮ ಕಂಪನಿಯವರು ನಿನ್ನೆ ಕರೆ ಮಾಡಿದ್ದರು. ಆ ಸೌಲಭ್ಯ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದೆಯೆಂದೂ, ನಾವು ಅದಕ್ಕೆ ಕಣ್ಣು ಅನ್ನುತ್ತೇವೆಂದೂ ಹೇಳಿ ಅತ್ತಿಗೆ ಫೋನ್ ಇಟ್ಟರು.