ಮಹಡಿ ಮನೆಯ ಕಂಟ್ರಿ ಹಾಡು

ಎಲ್ಲ ತಾಪತ್ರಯಕ್ಕೂ ಕಾರಣ ಒಂದು ಪುಟ್ಟ ಸ್ಪೀಕರು. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತದ ನಾಲ್ಕು ಹೊಸ ಆಲ್ಬಂಗಳ ಬಗ್ಗೆ ಶ್ರೀಕರ್ ಸಂಜೆಯೊಳಗೆ ವೆಬ್‌ಸೈಟೊಂದಕ್ಕೆ ಅಭಿಪ್ರಾಯ ಬರೆದು ಕಳಿಸಬೇಕಿತ್ತು. ಆ ಸಂಗೀತ ಅವನಿಗೆ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. ನಾಲ್ಕರಲ್ಲೂ ಅದೇ ಟ್ರ್ಯಾಕ್ಟರು, ಅದೇ ನಾಯಿ, ಅದೇ ಬಿಟ್ಟುಹೋದ ಹೆಂಡತಿ. ಯಾವುದು ಯಾವ ಆಲ್ಬಂ ಎಂದು ತಿಳಿಯದೆ ಬೆಳಗಿನಿಂದ ಮತ್ತೆ ಮತ್ತೆ ಹಾಕುತ್ತಲೇ ಇದ್ದ.

ಪುಟ್ಟೇನಹಳ್ಳಿಯಲ್ಲಿ ಅವನು ಬಾಡಿಗೆಗಿದ್ದ ಮಹಡಿ ಮನೆಯ ಕೆಳಗಡೆ ಓನರ್ ಬೈರಣ್ಣ ಮತ್ತು ಅವರ ಹೆಂಡತಿ ಲಕ್ಷ್ಮಿದೇವಮ್ಮನ ವಾಸ. ಹತ್ತು ಗಂಟೆಗೆ ಲಕ್ಷ್ಮಿದೇವಮ್ಮ ಕೋಲಿನಿಂದ ಚಾವಣಿ ಕುಟ್ಟಿದರು. ಹನ್ನೊಂದಕ್ಕೆ ಪಕ್ಕದ ಮನೆಯ ಕಾತ್ಯಾಯಿನಿಯನ್ನು ಸಾಕ್ಷಿಗೆ ಕರೆತಂದು ಮೆಟ್ಟಿಲ ಬುಡದಲ್ಲಿ ನಿಂತರು. ಹನ್ನೆರಡಕ್ಕೆ ಗಂಡನನ್ನೇ ಮೇಲಕ್ಕೆ ಅಟ್ಟಿದರು.

“ಮನೆ ಖಾಲಿ ಮಾಡ್ಬಿಡಿ ಸಾರ್,” ಎಂದರು ಬೈರಣ್ಣ ಬಾಗಿಲಲ್ಲೇ. “ನಿಮ್ಮ ಆಂಟಿಗೆ ತಲೆನೋವು ಬಂದ್ಬಿಟ್ಟಿದೆ.”

ಬ್ಯಾಚುಲರ್‌ಗೆ ಮನೆ ಕೊಡುವವರನ್ನು ಹುಡುಕಿ ಶ್ರೀಕರ್ ಜೆ.ಪಿ. ನಗರದಿಂದ ಕುಮಾರಸ್ವಾಮಿ ಲೇಔಟ್‌ವರೆಗೆ ಚಪ್ಪಲಿ ಸವೆಸಿದ್ದ.

“ಅಂಕಲ್, ಇವು ರೈತರ ಹಾಡು,” ಎಂದ ಬಾಯಿಗೆ ಬಂದಂತೆ. “ಇವನು ಟ್ರ್ಯಾಕ್ಟರ್ ಬಗ್ಗೇನೇ ಹಾಡ್ತಿರೋದು.”

ಎದುರಿಗೆ ಈಗ ಅಪಾರ್ಟ್‌ಮೆಂಟ್ ಎದ್ದಿರುವ ಕಡೆ ಒಂದು ಕಾಲಕ್ಕೆ ರಾಗಿ ಬೆಳೆದಿದ್ದ ಬೈರಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು.

“ಏನಂತಾನೆ?”

“ಬೆಳದಿಂಗಳಲ್ಲಿ ಹುಡುಗೀನ ಪಕ್ಕ ಕೂರಿಸ್ಕೊಂಡು ಉಳ್ತೀನಿ ಅಂತಾನೆ.”

“ಸುಳ್ಳ. ಪಕ್ಕದಲ್ಲಿ ಯಾರಾದ್ರೂ ಕೂತ್ರೆ ಸಾಲು ಸೊಟ್ಟಗಾಗುತ್ತೆ. ಮುಂದಿಂದು ಹಾಕಿ.”

ಎರಡನೆಯವನ ಬಗ್ಗೆ, “ಇವನಿಗೆ ಕುಡಿಯೋದು ಗೊತ್ತು, ಬಿತ್ತೋದು ಗೊತ್ತಿಲ್ಲ,” ಎಂದರು. ಮೂರನೆಯವನು ಹೆಂಡತಿಗಿಂತ ನಾಯಿಯ ಬಗ್ಗೆ ಚೆನ್ನಾಗಿ ಹಾಡಿದ್ದಾನೆ, ಅದು ನಿಜವಿರಬೇಕು ಎಂದರು. ನಾಲ್ಕನೆಯವನು ಅಪ್ಪನ ಹೊಲ ಮಾರಿದ್ದನ್ನು ಹಾಡುವಾಗ ಮಾತ್ರ ಕಿಟಕಿಯಾಚೆಯ ಅಪಾರ್ಟ್‌ಮೆಂಟನ್ನೇ ನೋಡುತ್ತಾ ಕೂತರು.

“ಇವನು ಮಾರಿರೋದು ನಿಜ,” ಎಂದರು ಕೊನೆಗೆ. “ದುಡ್ಡು ಬಂದಿದೆ, ನಿದ್ದೆ ಬಂದಿಲ್ಲ.”

ಶ್ರೀಕರ್ ಅಷ್ಟನ್ನೂ ಇಂಗ್ಲಿಷಿಗೆ ಇಳಿಸಿ ಕಳಿಸಿದ. ಇಂಥ ವಿಮರ್ಶೆ ಓದೇ ಇರಲಿಲ್ಲ ಎಂದು ವೆಬ್‌ಸೈಟಿನ ಸಂಪಾದಕಿ ಹೊಗಳಿದಳು. ಮನೆಯೂ ಉಳಿಯಿತು, ಮಾನವೂ ಉಳಿಯಿತು ಎಂದು ಅವನು ಹಾಯಾಗಿ ಕಾಫಿ ಕಾಸುತ್ತಿರುವಾಗ ಬೈರಣ್ಣ ಮತ್ತೆ ಬಂದರು.

“ಆ ನಾಲ್ಕನೇ ಹಾಡು ಮನಸ್ಸಿಗೆ ನಾಟ್ಬಿಡ್ತು ಸಾರ್. ದಿನಾ ಕೇಳ್ಬೇಕು ಅನ್ಸುತ್ತೆ.”

“ಕೇಳಿ ಅಂಕಲ್, ಸಂತೋಷ.”

“ನಿಮ್ಮ ಆಂಟಿ ಕೆಳಗಡೆ ಹಾಕೋಕೆ ಬಿಡ್ತಿಲ್ಲ. ಕೇಳೋದಾದ್ರೆ ಮೇಲಿನ ಮನೇಲಿ ಹೋಗಿ ಇರಿ ಅಂದ್ಬಿಟ್ಲು.” ಬೈರಣ್ಣ ಗೋಡೆಗಳನ್ನು ಒಮ್ಮೆ ಕಣ್ಣಲ್ಲೇ ಅಳೆದರು. “ಅದಕ್ಕೇ, ಈ ತಿಂಗಳ ಕೊನೇಗೆ ಖಾಲಿ ಮಾಡ್ಕೊಡಿ. ಸ್ಪೀಕರ್ ಮಾತ್ರ ಇಲ್ಲೇ ಇರ್ಲಿ.”