ಒತ್ತಾಯ ಮಾಡದ ಬ್ಯೂರೆಕ್‌ಗೆ ಒಂದು ದೂರು

ಮಾನ್ಯ ಬ್ಯೂರೆಕ್ ಅವರೇ,

ದೂರದ ಅಲ್ಬೇನಿಯ ದೇಶದಿಂದ ದಯಮಾಡಿಸಿ, ನಮ್ಮ ಹೊಳಲ್ಕೆರೆಯ ವಾರದ ಸಂತೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಅಂಗಡಿಗೂ ಬಳೆ ಅಂಗಡಿಗೂ ನಡುವೆ ಬಿಡಾರ ಹೂಡಿರುವ ತಮಗೆ, ತಾಲ್ಲೂಕು ಕಚೇರಿಯ ನಿವೃತ್ತ ದ್ವಿತೀಯ ದರ್ಜೆ ಸಹಾಯಕ ರೇವಣಸಿದ್ದಪ್ಪ ಮಾಡುವ ನಮಸ್ಕಾರಗಳು. ಇಲ್ಲಿ ನಾವು ಕ್ಷೇಮ; ತಾವೂ ತಟ್ಟೆಯಲ್ಲಿ ಬಿಸಿಬಿಸಿಯಾಗಿ ಕ್ಷೇಮವೆಂದು ಭಾವಿಸುತ್ತೇನೆ. ಮೂವತ್ತೆರಡು ವರ್ಷ ಬೇರೆಯವರ ದೂರುಗಳಿಗೆ ಕ್ರಮಸಂಖ್ಯೆ ಹಾಕಿದ ನಾನು ಸ್ವಂತಕ್ಕೊಂದು ದೂರು ಬರೆಯುತ್ತಿರುವುದು ಇದೇ ಮೊದಲಾದ್ದರಿಂದ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೊದಲಿಗೆ ತಮ್ಮ ಗುಣಗಾನ ಮಾಡುವುದು ನನ್ನ ಕರ್ತವ್ಯ. ಉದ್ದನೆಯ ತೆಳು ಲಟ್ಟಣಿಗೆಯಲ್ಲಿ ಲಟ್ಟಿಸಿದ ಹಿಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಹಾಸಿ, ನಡುವೆ ಸೊಪ್ಪು, ಈರುಳ್ಳಿ, ಉಪ್ಪುಪ್ಪಾದ ಪನೀರು ತುಂಬಿ, ದುಂಡನೆಯ ದೊಡ್ಡ ತಟ್ಟೆಯಲ್ಲಿ ಬೇಯಿಸಿ, ಮೂರು ಮೂಲೆಯ ತುಂಡುಗಳಾಗಿ ಕತ್ತರಿಸಿ ಕಾಗದದಲ್ಲಿ ಕೊಟ್ಟ ಕೂಡಲೇ, ಜನ ತೆಂಗಿನಕಾಯಿ ವ್ಯಾಪಾರವನ್ನು ಅರ್ಧಕ್ಕೆ ಬಿಟ್ಟು ತಮ್ಮ ಮುಂದೆ ನಿಲ್ಲುತ್ತಾರೆ. ಮೂರೇ ವಾರದಲ್ಲಿ ತಾವು ಪಡೆದ ಹೆಸರನ್ನು ಪಡೆಯಲು ಪಕ್ಕದ ಮೆಣಸಿನಕಾಯಿಗೆ ಮೂರು ತಲೆಮಾರು ಬೇಕಾಯಿತು. ತಮ್ಮ ಹೆಸರನ್ನು ಹೇಳಲು ಬಾರದವರು ‘ಹಾಳೆ ಹೋಳಿಗೆ’ ಎನ್ನುತ್ತಾರೆ. ಅದಕ್ಕೆ ತಾವು ಬೇಸರ ಮಾಡಿಕೊಂಡಂತಿಲ್ಲ, ಅದು ತಮ್ಮ ದೊಡ್ಡಗುಣ.

ಇನ್ನು ದೂರು. ತಮ್ಮನ್ನು ಈ ಊರಿಗೆ ಕರೆತಂದ ಮರುಳಸಿದ್ದ ಬೇರೆ ಯಾರೋ ಅಲ್ಲ, ಹೊರಕೆರೆದೇವಪುರಕ್ಕೆ ಕೊಟ್ಟಿರುವ ನನ್ನ ತಂಗಿ ಅನುಸೂಯಳ ಮಗ. ತಮ್ಮ ದೇಶದ ಟಿರಾನಾ ಎಂಬ ಊರಿನ ಬೇಕರಿಯಲ್ಲಿ ನಾಲ್ಕು ವರ್ಷ ದುಡಿದು ಬಂದು ಈ ಅಂಗಡಿ ಇಟ್ಟಿದ್ದಾನೆ. ಮೊದಲ ವಾರ ನಾನು ಅಂಗಡಿ ಮುಂದೆ, ಬಳೆ ನೋಡುವವನ ಹಾಗೆ ನಿಂತಿದ್ದಾಗ ಅವನೇ ಕಂಡು, “ಮಾವ, ಒಂದು ಕೊಡ್ಲಾ?” ಎಂದ. ನಾನು “ಬ್ಯಾಡಪ್ಪ, ಈಗ ತಿಂದ್ಕಂಡು ಬಂದೆ” ಎಂದೆ. ಅವನು “ಹಂಗಾರೆ ಆತು ಮಾವ” ಎಂದವನೇ ಆ ತುಂಡನ್ನು ನನ್ನ ಹಿಂದಿದ್ದವನಿಗೆ ಕೊಟ್ಟುಬಿಟ್ಟ.

ತಾವು ಪರದೇಶದವರಾದ್ದರಿಂದ ನಮ್ಮ ಕಡೆಯ ಪದ್ಧತಿಯನ್ನು ತಿಳಿಸುವುದು ಅಗತ್ಯ. ನಮ್ಮಲ್ಲಿ ನೆಂಟರು ತಿನ್ನಲು ಕೊಟ್ಟದ್ದನ್ನು ಕೊಟ್ಟ ತಕ್ಷಣ ಇಸಿದುಕೊಳ್ಳುವವನನ್ನು ಹಸಿದು ಬಂದವನೆಂದು ಆಡಿಕೊಳ್ಳುತ್ತಾರೆ. ಮೊದಲ ‘ಬೇಡ’ ಸಂಕೋಚದ್ದು, ಎರಡನೆಯದು ಮರ್ಯಾದೆಯದ್ದು. ಮೂರನೆಯ ‘ಬೇಡ’ ಹೇಳುವ ಹೊತ್ತಿಗೆ ಕೈ ಆಗಲೇ ಮುಂದಕ್ಕೆ ಚಾಚಿರುತ್ತದೆ. ಕೊಡುವವರು ಅಲ್ಲಿಯವರೆಗೆ “ತಗಳ್ರಿ, ನನ್ನಾಣೆ ತಗಳ್ರಿ” ಎಂದು ಬೆನ್ನು ಹತ್ತಬೇಕು. ಗಿರಾಕಿಗೆ ಇದೆಲ್ಲ ಬೇಕಿಲ್ಲ; ಸೋದರಮಾವನಿಗೆ ಬೇಕು. ಎರಡನೆಯ ವಾರವೂ ಕೇಳಿದ, ನಾನು ಬೇಡವೆಂದೆ, ಅವನು ಸುಮ್ಮನಾದ. ಮೂರನೆಯ ವಾರವೂ ಅಷ್ಟೇ. ಹೀಗೆ ಮೂರು ‘ಬೇಡ’ಗಳನ್ನು ಪೂರೈಸಲು ನನಗೆ ಮೂರು ಸಂತೆ ಹಿಡಿದವು, ಕೈ ಮಾತ್ರ ಖಾಲಿ.

ತಮ್ಮ ರುಚಿಯನ್ನೇ ನೋಡದೆ ಬರೆಯುತ್ತಿದ್ದಾನೆಂದು ತಾವು ಆಕ್ಷೇಪಿಸಬಾರದು. ಮೂರನೆಯ ವಾರ ಈರುಳ್ಳಿ ವ್ಯಾಪಾರಿ ಕಾಟಯ್ಯ ತನಗೆ ಕೊಂಡುಕೊಂಡಿದ್ದರಲ್ಲಿ ಅರ್ಧ ಮುರಿದು ಮುಂದೆ ಹಿಡಿದ. ಬೇಡವೆಂದೆ. “ಏ ತಿನ್ರಿ ಸಾಹೇಬ್ರೆ, ಒಬ್ನೇ ತಿಂದ್ರೆ ನಂಗೆ ಇಳಿಯಲ್ಲ” ಎಂದು ಮೂರು ಸಲ ಒತ್ತಾಯ ಮಾಡಿ ಕೈಯಲ್ಲಿಟ್ಟ. ಮರುಳಸಿದ್ದನಿಗೆ ಕಾಣದಂತೆ ಬಳೆ ಅಂಗಡಿಯ ಮರೆಯಲ್ಲಿ ನಿಂತು ತಿಂದೆ. ಮೇಲಿನ ಪದರ ಹಲ್ಲಿಗೆ ಸಿಕ್ಕ ತಕ್ಷಣ ಪುಡಿಪುಡಿಯಾಯಿತು, ಒಳಗಿನ ಸೊಪ್ಪು ಮೆತ್ತಗೆ, ಬಿಸಿ, ಉಪ್ಪು ಹದ. ಬಹಳ ಚೆನ್ನಾಗಿತ್ತು, ಹೊಟ್ಟೆ ಉರಿಯುವಷ್ಟು ಚೆನ್ನಾಗಿತ್ತು. ಆದರೆ ಅದು ಕಾಟಯ್ಯನ ಬ್ಯೂರೆಕ್. ನನ್ನ ಅಳಿಯ ನನ್ನ ಕೈಗೆ ಇಡಬೇಕಾದ ಬ್ಯೂರೆಕ್ ಇನ್ನೂ ನನ್ನ ಬಾಯಿಗೆ ಬಂದಿಲ್ಲ, ನನ್ನ ದೂರು ಇರುವುದು ಅದರ ಬಗ್ಗೆ.

ಆದಕಾರಣ ತಮ್ಮಲ್ಲಿ ಕೆಲವು ವಿನಂತಿಗಳು. ತಮ್ಮ ಘಮ ಇನ್ನು ಮುಂದೆ ಹೊಸದುರ್ಗ ರಸ್ತೆಯ ಕಡೆಗಷ್ಟೇ ಬೀಸತಕ್ಕದ್ದು, ನಾನು ನಿಲ್ಲುವ ಕಡೆಗೆ ಬರಕೂಡದು. ಅದಾಗದಿದ್ದರೆ ನಾನು ಅಂಗಡಿ ಮುಂದೆ ಬಂದಾಗ ತಾವೇ ತಟ್ಟೆಯಿಂದೆದ್ದು ನನ್ನ ಅಂಗೈಗೆ ಬಂದು ಕೂರಬೇಕು. ಅದೂ ಆಗದಿದ್ದರೆ ತಮ್ಮ ದೇಶದ ಸರ್ಕಾರದಿಂದ, ‘ಸೋದರಮಾವಂದಿರನ್ನು ಎರಡು ಬಾರಿಯಾದರೂ ಒತ್ತಾಯಿಸತಕ್ಕದ್ದು’ ಎಂಬ ಸುತ್ತೋಲೆ ಹೊರಡಿಸಿ, ಅದರ ಒಂದು ಪ್ರತಿಯನ್ನು ಮರುಳಸಿದ್ದನಿಗೆ ಮುಟ್ಟಿಸಬೇಕು. ‘ಬೇಡ’ ಎಂದರೆ ಬೇಡವೆಂದೇ ತಿಳಿಯುವ ಈ ಕೆಟ್ಟ ಅಭ್ಯಾಸವನ್ನು ಅವನು ತಮ್ಮ ದೇಶದಲ್ಲಿಯೇ ಕಲಿತು ಬಂದನೆಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು.

ಆಗಿತ್ತು ಎಂದೆ. ಇಲ್ಲಿಯವರೆಗೆ ಬರೆದದ್ದನ್ನು ನನ್ನ ಶ್ರೀಮತಿ ಮಹಾದೇವಮ್ಮನಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ, “ಅವನು ಅದನ್ನ ಅಲ್ಲಿ ಕಲಿತು ಬರಲಿಲ್ಲ, ಇಲ್ಲೇ ಕಲಿತು ಹೋದ. ನೀವೇ ಕಲಿಸಿದ್ದು” ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲದ ಕಾರಣ ದಾಖಲಿಸುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ನಾನು ನೋಡಿಟ್ಟಿದ್ದ ಗುಮಾಸ್ತೆ ಕೆಲಸವನ್ನು ಒಲ್ಲೆನೆಂದು ಅವನು ರೊಟ್ಟಿ ಸುಡಲು ಹೊರಟಾಗ ನನಗೆ ಸಿಟ್ಟು ಬಂದಿತ್ತು. ಹೊರಡುವ ಮುಂಚೆ “ಮಾವ, ಅಮ್ಮ ಅಡಿಗೆ ಮಾಡ್ಯಾಳೆ, ಊಟಕ್ಕೆ ಬರ್ರಿ” ಎಂದು ಕರೆಯಲು ಬಂದ. ಬೇಡವೆಂದೆ. ಸಂಜೆ ಬಂದ, ಬೇಡವೆಂದೆ. ಮರುದಿನ ಬೆಳಿಗ್ಗೆ ಬಂದ, ಬಾಗಿಲಲ್ಲೇ ನಿಲ್ಲಿಸಿ ಬೇಡವೆಂದೆ. ಅವನು ಪದ್ಧತಿಯಂತೆ ಮೂರು ಸಲವೂ ಕರೆದ. ನಾಲ್ಕನೆಯ ಸಲ ಕರೆಯುತ್ತಾನೆಂದು ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಮಧ್ಯಾಹ್ನದವರೆಗೆ ಪಡಸಾಲೆಯಲ್ಲಿ ಕುಳಿತಿದ್ದೆ, ಬರಲಿಲ್ಲ. ಅನುಸೂಯ ನನಗೆಂದು ಹಾಕಿದ್ದ ಎಲೆಯನ್ನು ಅವನ ಬಸ್ಸು ಹೋದ ಮೇಲೂ ತೆಗೆದಿರಲಿಲ್ಲವಂತೆ. ಆವತ್ತಿನಿಂದ ಅವಳು ನನ್ನ ಮನೆಗೆ ಬಂದಿಲ್ಲ, ನಾನೂ ಕರೆದಿಲ್ಲ.

ಹೀಗಿರುವಾಗ, ಮಾನ್ಯರೇ, ತಮ್ಮ ಮೇಲಾಗಲಿ ತಮ್ಮ ದೇಶದ ಮೇಲಾಗಲಿ ದೂರು ನಿಲ್ಲುವುದಿಲ್ಲ. ಹುಡುಗ ನನ್ನ ಮಾತನ್ನು ನಂಬುತ್ತಾನೆ, ಅಷ್ಟೇ. ನನಗೆ ತುಂಬಾ ನಾಚಿಕೆಯಾಗಿದೆ. ಮೇಲಿನ ವಿನಂತಿಗಳನ್ನು ರದ್ದೆಂದು ಭಾವಿಸಬೇಕು. ಘಮ ಯಾವ ಕಡೆಗಾದರೂ ಬೀಸಲಿ. ಈ ಪತ್ರವನ್ನು ಸಂತೆ ಮೈದಾನದ ಬೇವಿನ ಮರಕ್ಕೆ ಅಂಟಿಸುತ್ತಿದ್ದೇನೆ. ತಮಗೆ ಕನ್ನಡ ಓದಲು ಬಾರದಿದ್ದರೂ ಅಂಗಡಿಯವನಿಗೆ ಬರುತ್ತದೆ, ಸಿರಿಗೆರೆಯಲ್ಲಿ ಓದಿದ್ದಾನೆ.

ಇಂತಿ,
ತಮ್ಮನ್ನು ಬಳೆ ಅಂಗಡಿಯ ಮರೆಯಿಂದ ಬಲ್ಲ ತಮ್ಮ ವಿಶ್ವಾಸಿ,
ರೇವಣಸಿದ್ದಪ್ಪ

ತಾ.ಕ.: ಬರುವ ಸಂತೆಗೆ ಬಂದು ‘ಒಂದು ಕೊಡಪ್ಪ’ ಎಂದು ನಾನೇ ಬಾಯಿಬಿಟ್ಟು ಕೇಳುತ್ತೇನೆ. ಎರಡನ್ನು ಕಟ್ಟಿಸಿಕೊಂಡು ಅಲ್ಲಿಂದಲೇ ಹೊರಕೆರೆದೇವಪುರದ ಬಸ್ಸು ಹತ್ತುತ್ತೇನೆ. ತಂಗಿ ಬೇಡವೆಂದರೆ ಬಾಗಿಲಲ್ಲೇ ಕೂರುತ್ತೇನೆ. ತಮ್ಮ ಜತೆ ಲೋಟದಲ್ಲಿ ಕೊಡುವ ಆ ಉಪ್ಪು ಮಜ್ಜಿಗೆ ಮಾತ್ರ ನನಗೆ ಬೇಡ, ಶೀತವಾಗುತ್ತದೆ. ಈ ಒಂದು ‘ಬೇಡ’ವನ್ನು ಬೇಡವೆಂದೇ ತಿಳಿಯತಕ್ಕದ್ದು.