ಡೈನಮೋಮೀಟರಿಗೆ ಜಡೆ ಹಾಕಿದ್ದು

ಎಂಜಿನ್ನಿನ ಯೋಗ್ಯತೆ ಅಳೆಯುವ ಯಂತ್ರಕ್ಕೆ ಡೈನಮೋಮೀಟರ್ ಅಂತ ಹೆಸರು. ಆ ಕಾಲದಲ್ಲಿ ಬಿಳಿಕೆರೆಯಲ್ಲಿ ಅದಿದ್ದದ್ದು ನನ್ನ ಶೆಡ್ಡಿನಲ್ಲಿ ಮಾತ್ರ. ರಿಪೇರಿಯಾದ ಡೀಸೆಲ್ ಎಂಜಿನ್ನನ್ನು ಅದಕ್ಕೆ ಜೋಡಿಸಿ ಓಡಿಸಿದರೆ, ಎಷ್ಟು ಭಾರ ಎಳೆಯಿತು ಅಂತ ಪಕ್ಕದ ಡಬ್ಬಿಯಲ್ಲಿ ಕೆಂಪು ಅಂಕಿ ಬರುತ್ತದೆ. ಆ ಅಂಕಿ ಅಲುಗಾಡದೆ ನಿಂತರೆ ಎಂಜಿನ್ ಕಂಪನಿಯವರು ನನಗೆ ಸರ್ವಿಸ್ ಸೆಂಟರ್ ಬೋರ್ಡು ಕೊಡುವವರಿದ್ದರು. ಶನಿವಾರ ಅವರ ಎಂಜಿನಿಯರು ಬರುವುದಿತ್ತು. ಬೋರ್ಡು ಸಿಗದಿದ್ದರೆ ಶೆಡ್ಡಿಗೆ ಬೀಗ ಹಾಕಿ, ಅಣ್ಣನ ಹೊಗೆಸೊಪ್ಪಿನ ಹೊಲದಲ್ಲಿ ಅವನ ಬೈಗುಳ ತಿಂದುಕೊಂಡು ಬದುಕಬೇಕು. ಆದರೆ ನನಗೆ ಚಿಂತೆಯೇ ಇರಲಿಲ್ಲ. ನಾನು ಐಟಿಐ ಪಾಸು!

ಅದೇ ವಾರ ಆಯುಧಪೂಜೆ ಬಂತು. ಚೆಲ್ಲಾಪಿಲ್ಲಿ ಬಿದ್ದಿದ್ದ ವೈರುಗಳನ್ನು ನೋಡಿ ಹೆಂಡತಿ ಜಯಮ್ಮ, "ದೇವ್ರಂಥ ಮಿಷನ್ನು, ತಲೆ ಕೆದರ್ಕೊಂಡು ಕುಂತದಲ್ರೀ," ಅಂದಳು. ಸರಿ, ಕರೆಂಟಿನ ವೈರು, ಅಂಕಿ ತರುವ ಸಣ್ಣ ವೈರು, ಎಲ್ಲ ಸೇರಿಸಿ ಅಂದವಾಗಿ ಜಡೆ ಹೆಣೆದೆ. ತುದಿಗೆ ಚೆಂಡುಹೂವು ಬೇರೆ! ಕುಂಬಳಕಾಯಿ ಒಡೆದು ಎಂಜಿನ್ ಚಾಲೂ ಮಾಡಿದರೆ, ಅಂಕಿಗೆ ದೆವ್ವ ಹಿಡಿದಿತ್ತು. ನಲವತ್ತು, ಹನ್ನೆರಡು, ತೊಂಬತ್ತು!

ತಪ್ಪು ನನ್ನದಿರಲು ಸಾಧ್ಯವೇ? ನೆಟ್ಟಗೆ ಪಕ್ಕದ ವೆಲ್ಡಿಂಗ್ ಶಾಪಿಗೆ ನುಗ್ಗಿದೆ.

"ಲೇ ಮಾದೇಶ, ನಿನ್ನ ವೆಲ್ಡಿಂಗು ನನ್ನ ಮೀಟ್ರು ಕೆಡಿಸ್ತಾ ಅದೆ ಕಣ್ಲಾ!"

"ಇವತ್ತು ಮಿಷನ್ನೇ ಹಾಕಿಲ್ಲ ಕಣಣ್ಣ. ಪೂಜೆ ದಿನ ಆಯುಧ ಮುಟ್ಟಾರಾ?"

"ಹಾಕ್ದೆ ಇದ್ರೂ ಕೆಡಿಸ್ತದೆ!" ಅಂದು, ಅವನು ಕೊಟ್ಟ ಕಡ್ಲೆಪುರಿಯನ್ನೂ ಅಲ್ಲೇ ಬಿಸಾಕಿ ಬಂದೆ.

ಆಮೇಲೆ ಅರ್ತಿಂಗ್ ಮೇಲೆ ಅನುಮಾನ ಬಂತು; ಗುಂಡಿಯ ಮಣ್ಣು ಒಣಗಿದರೆ ಅದು ಕೆಲಸ ಮಾಡುವುದಿಲ್ಲ. ಅಡುಗೆಮನೆಯ ಉಪ್ಪಿನ ಜಾಡಿಯನ್ನು ಶೆಡ್ಡಿನ ಹಿಂದಿನ ಅರ್ತ್ ಗುಂಡಿಗೆ ಸುರಿದು ಕೊಡಗಟ್ಟಲೆ ನೀರು ಹೊಯ್ದೆ. ಅವತ್ತು ಸಾರು ಸಪ್ಪೆಯಾಯಿತು, ಅಂಕಿ ಮಾತ್ರ ಕುಣಿಯುತ್ತಲೇ ಇತ್ತು. ಕಟ್ಟಕಡೆಗೆ, ಸೂಕ್ತ ತಾಂತ್ರಿಕ ಪರಿಶೀಲನೆಯ ತರುವಾಯ, ಯಂತ್ರದ ಮೈಗಿದ್ದ ಅರ್ತ್ ವೈರನ್ನೇ ಬಿಚ್ಚಿ ಹಾಕಿದೆ. ಅಂಕಿ ತಟ್ಟನೆ ನಿಂತಿತು!

"ಜಯಾ, ಬಾರೇ ಇಲ್ಲಿ! ಬೋರ್ಡು ಬಂತು ಅಂತ ತಿಳ್ಕೊ!"

"ಆ ವೈರು ಯಾಕ್ರೀ ನೇತಾಡ್ತದೆ?"

"ಅದು ದಂಡದ್ದು ಕಣೇ. ಇಲ್ದಿದ್ರೆ ಏನಾಗ್ತದೆ?"

ಮಾರನೆ ದಿನ ಶುಕ್ರವಾರ. ಶುಕ್ರವಾರ ಜಯಮ್ಮ ಶೆಡ್ಡಿನ ನೆಲ ತೊಳೆದು ಮಿಷನ್ನಿಗೆ ಕುಂಕುಮ ಇಡುವುದು ರೂಢಿ. ನಾನು ಎಂಜಿನ್ ಓಡಿಸಿಕೊಂಡು, ನಿಂತ ಅಂಕಿಯನ್ನು ನೋಡಿ ನೋಡಿ ಖುಷಿಪಡುತ್ತಿದ್ದೆ. ಅವಳು ಚಪ್ಪಲಿ ಹೊರಗೆ ಬಿಟ್ಟು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಬಂದು, ಒದ್ದೆ ಬೆರಳಲ್ಲಿ ಯಂತ್ರ ಮುಟ್ಟಿದಳು. ಕೂಗಲೂ ಇಲ್ಲ. ಕೈ ಯಂತ್ರಕ್ಕೆ ಕಚ್ಚಿಕೊಂಡುಬಿಟ್ಟಿತು.

ಯಂತ್ರದೊಳಗಿನ ತಂತಿ ಸುರುಳಿ ತೇವಕ್ಕೆ ಕೆಟ್ಟು ಮೈಗೆಲ್ಲ ಕರೆಂಟು ಬಿಡುತ್ತಿತ್ತಂತೆ. ಅದನ್ನು ನೆಲಕ್ಕೆ ಒಯ್ಯುತ್ತಿದ್ದದ್ದು ಆ ದಂಡದ ವೈರು. ಐಟಿಐ ಪಾಸಾದವನು ಅರಚುತ್ತಾ ನಿಂತಿದ್ದೆ, ಅಷ್ಟೇ. ಅರಚಾಟ ಕೇಳಿ ಓಡಿಬಂದ ಮಾದೇಶ ಮೇನ್ ಸ್ವಿಚ್ ಎಳೆದ. ಜಯಮ್ಮ ದೊಪ್ಪನೆ ಬಿದ್ದಳು.

ಹುಣಸೂರು ಆಸ್ಪತ್ರೆ ಮುಟ್ಟುವವರೆಗೂ ವ್ಯಾನಿನಲ್ಲಿ ಅವಳ ಎದೆ ಮೇಲೆ ಕೈಯಿಟ್ಟು ಕೂತಿದ್ದೆ. ಬೋರ್ಡೂ ಬೇಡ, ಶೆಡ್ಡೂ ಬೇಡ, ಇದೊಂದು ಬಡ್ಕೋತಾ ಇರಲಿ ತಾಯಿ ಅಂತ ಚಾಮುಂಡಿಗೆ ಮೊರೆಯಿಟ್ಟೆ. ಜೀವ ಉಳಿಯಿತು. ಬಲಗೈಯ ಎರಡು ಬೆರಳು ಇವತ್ತಿಗೂ ಮಡಿಸಲು ಬರುವುದಿಲ್ಲ.

ಎಂಜಿನಿಯರು ಶನಿವಾರ ಬಂದರು. ನೇತಾಡುವ ವೈರನ್ನು ನೋಡಿದರು, ಟೀ ಕೂಡ ಕುಡಿಯದೆ ಹೋದರು. ಆಮೇಲೊಂದು ದಿನ ನಾನೇ ಕೂತು ಸುರುಳಿ ಬದಲಾಯಿಸಿದೆ, ಅಂಕಿಯನ್ನು ಕುಣಿಸುತ್ತಿದ್ದ ಆ ಜಡೆ ಬಿಚ್ಚಿದೆ. ಕರೆಂಟಿನ ವೈರು ಆ ಗೋಡೆಗೆ, ಅಂಕಿಯ ವೈರು ಈ ಗೋಡೆಗೆ. ಡಬ್ಬಿಯ ಅರ್ತ್, ಯಂತ್ರದ ಅರ್ತ್ ಎರಡೂ ಒಂದೇ ಕಡೆಗೆ. ಅಂಕಿ ಕಲ್ಲಿನ ಹಾಗೆ ನಿಂತಿತು. ನೋಡುವವರು ಯಾರೂ ಇರಲಿಲ್ಲ.

ಅಣ್ಣನ ಹೊಲಕ್ಕೆ ಹೋಗಿಬರಲು ಒಂದು ಸೈಕಲ್ ತಂದು ಮನೆ ಮುಂದೆ ನಿಲ್ಲಿಸಿದೆ. ಹೊಸ ಗಾಡಿ, ಪೂಜೆ ಆಗಬೇಕು. ಜಯಮ್ಮ ಎಡಗೈಲಿ ಕುಂಕುಮದ ಬಟ್ಟಲು ಹಿಡಿದು, ಚಪ್ಪಲಿ ಮೆಟ್ಟಿಕೊಂಡೇ ಬಂದು ಮಾರು ದೂರ ನಿಂತಳು.

"ಮೊದ್ಲು ನೀವು ಮುಟ್ಟಿ."

"ಸೈಕಲ್ಲು ಕಣೇ ಇದು! ಮುಟ್ಟಿದ್ರೆ ಏನಾಗ್ತದೆ?"

"ಅವತ್ತೂ ಇಂಗೇ ಕೇಳಿದ್ರಿ."

ಮುಟ್ಟಿದೆ. ಕಣ್ಣು ಮುಚ್ಚಿಕೊಂಡೇ ಮುಟ್ಟಿದೆ!